ಮೆಟ್ಟಿಲ ಮೇಲೆ ಬರೆದ ತೂಕ

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ. ಗಾಲಿಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ ಲಿಫ್ಟಿನ ಕನ್ನಡಿಯಲ್ಲಿ ಮುಂಗುರುಳು ಸರಿಮಾಡಿಕೊಂಡಳು. ಹೆರಿಗೆಯಾಗಿ ಆರು ದಿನವಾಗಿತ್ತು. ಮಗಳನ್ನು ಮೊದಲ ಸಲ ನೋಡಲು ಹೊರಟಿದ್ದಳು.

“ಚೆನ್ನಾಗಿ ಕಾಣ್ತಿದೀನಾ?”

“ಅವಳಿಗಿನ್ನೂ ಕಣ್ಣು ಸರಿಯಾಗಿ ಕಾಣಲ್ಲ ಕಣೇ.”

“ಕೇಳಿದ್ದು ನಿಮ್ಮನ್ನ, ತಕ್ಕಡಿ ಸಾಹೇಬ್ರೇ.” ಕನ್ನಡಿಯೊಳಗಿಂದಲೇ ನನ್ನತ್ತ ಹುಬ್ಬು ಹಾರಿಸಿದಳು.

ಆ ಹೆಸರು ಅವಳೇ ಇಟ್ಟದ್ದು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಅದಕ್ಕೆ ನಾಲ್ಕು ವರ್ಷ ಹಿಂದೆ ಅವಳ ಅಪ್ಪನ ಅಂಗಡಿಯ ತಕ್ಕಡಿ ಐದು ಗ್ರಾಂ ಹೆಚ್ಚು ತೋರಿಸಿತೆಂದು ಮುದ್ರೆ ಒತ್ತಲಿಲ್ಲ. ಗಲ್ಲಾದ ಹಿಂದಿನಿಂದ ಎದ್ದು ಬಂದಿದ್ದಳು. “ಐದು ಗ್ರಾಂ! ನೊಣ ಕೂತಿರ್ಬೇಕು ಸಾರ್.”

“ಹಾಗಾದ್ರೆ ನೊಣ ಓಡಿಸಿಡಿ. ನಾಳೆ ಬರ್ತೀನಿ.”

ಮರುದಿನ ಹೋದೆ. ಆಮೇಲೆ ಕೆಲಸವಿಲ್ಲದೆಯೂ ಹೋದೆ. ಮದುವೆಗೆ ಯಾಕೆ ಒಪ್ಪಿದೆ ಎಂದು ಒಮ್ಮೆ ಕೇಳಿದಾಗ, ಕಣ್ಣಂಚಿನಲ್ಲಿ ನೋಡಿ ಹೇಳಿದ್ದಳು: “ಐದು ಗ್ರಾಂ ಬಿಡದವನು ನನಗೆ ಸುಳ್ಳು ಹೇಳೋಕಾಗಲ್ಲ ಅಂತ.”

ಮಗಳು ಎಂಟು ವಾರ ಮೊದಲೇ ಹುಟ್ಟಿದಳು. ಅವಳು ಮೊದಲನೇ ಮಹಡಿಯ ಐಸಿಯುವಿನ ಗಾಜಿನ ಪೆಟ್ಟಿಗೆಯಲ್ಲಿ. ರಕ್ತದೊತ್ತಡ ಇಳಿಯದ ತಾಯಿ ನಾಲ್ಕನೇ ಮಹಡಿಯ ಮಂಚದಲ್ಲಿ. “ಟೆನ್ಶನ್ ಕೊಡಬೇಡಿ,” ಎಂದಿದ್ದರು ಡಾಕ್ಟರು. ದಿನವೂ ಬೆಳಿಗ್ಗೆ ಮಗುವಿನ ತೂಕವನ್ನು ನೀಲಿ ಪುಸ್ತಕದಲ್ಲಿ ಬರೆದು ಮೇಲೆ ಒಯ್ಯುವುದು ನನ್ನ ಪಾಲಿನ ಕೆಲಸವಾಯಿತು.

ಹುಟ್ಟಿದಾಗ ೧,೧೮೦ ಗ್ರಾಂ. ಮರುದಿನ ೧,೧೫೦. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಮೊದಲ ವಾರ ಇಳಿಯುತ್ತವೆ ಎಂದು ಸಿಸ್ಟರ್ ಬಿಡಿಸಿ ಹೇಳಿದ್ದರು. ನಾನು ನಂಬಿದೆ. ಹೆಂಡತಿಯೂ ನಂಬುತ್ತಾಳೆಂದು ಮಾತ್ರ ನಂಬಲಿಲ್ಲ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ನಿಂತು, ಪುಸ್ತಕವನ್ನು ಗೋಡೆಗೆ ಒತ್ತಿ, ೧,೧೯೦ ಎಂದು ಬರೆದೆ.

“ನಾನು ಹಿಂಡಿ ಕಳಿಸ್ತಿರೋ ಹಾಲು ಹಿಡಿಸ್ತಿದೆ ಕಣ್ರೀ!” ಎಂದು ಅವಳು ನನ್ನ ಬೆರಳು ಹಿಡಿದು ಮುತ್ತಿಟ್ಟಳು. ಒಂದು ಸುಳ್ಳಿಗೆ ಮತ್ತೊಂದು ಬೇಕಾಯಿತು. ಕೆಳಗೆ ಮಗುವಿನ ತೂಕ ಇಳಿಯುತ್ತಿತ್ತು, ಮೇಲೆ ಪುಸ್ತಕದಲ್ಲಿ ಏರುತ್ತಿತ್ತು. ಅವಳ ರಕ್ತದೊತ್ತಡವೂ ಇಳಿಯಿತು. ನಾನು ಒಳಗೊಳಗೇ ಬೀಗಿದೆ.

ಲಿಫ್ಟಿನಲ್ಲೇ ಹೇಳಿಬಿಡಬೇಕೆಂದಿದ್ದೆ. ಆ ಮುಖ ನೋಡಿ, ಮಗುವನ್ನು ನೋಡಿದ ಮೇಲೆ ಹೇಳೋಣ ಎಂದುಕೊಂಡೆ. ಅವತ್ತು ತೂಕ ಬರೆದುಕೊಳ್ಳಲು ನಾನು ಕೆಳಗೆ ಹೋಗಿರಲಿಲ್ಲ. ದಿನದ ತೂಕ ಬೆಳಿಗ್ಗೆ ಆರು ಗಂಟೆಗೇ ಮುಗಿದಿರುತ್ತದೆ ಎಂಬ ಧೈರ್ಯ.

ಮೊಣಕೈವರೆಗೆ ಕೈ ತೊಳೆದು ಒಳಗೆ ಹೋದಾಗ ಸಿಸ್ಟರ್ ಮುಖ ಅರಳಿಸಿದರು. “ಬನ್ನಿ ಅಮ್ಮ. ನೀವು ಬರ್ತೀರಂತ ಇವತ್ತಿನ ತೂಕ ನಿಮಗೋಸ್ಕರ ಉಳಿಸಿಟ್ಟಿದೀನಿ. ನೀವೇ ನೋಡಿ.”

ತಕ್ಕಡಿಯ ಮೇಲೆ ಅಂಗೈಯಗಲದ ಬೆನ್ನು. ಅಂಕೆಗಳು ಓಡಾಡಿ ನಿಂತವು: ೧,೦೬೦.

ಅವಳ ನಗು ಹಾಗೇ ನಿಂತಿತು. “ಸಿಸ್ಟರ್, ನಿನ್ನೆ ಸಾವಿರದ ಇನ್ನೂರ ನಲವತ್ತಿತ್ತು. ಒಂದೇ ದಿನಕ್ಕೆ ನೂರ ಎಂಬತ್ತು ಇಳಿದಿದಾಳೆ! ಏನಾಯ್ತು ನನ್ನ ಮಗೂಗೆ? ಯಾರನ್ನಾದ್ರೂ ಕರೀರಿ! ರೀ, ಡಾಕ್ಟರನ್ನ ಕರೀರಿ!” ಕುರ್ಚಿಯಿಂದ ಏಳಲು ಹೋಗಿ, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮತ್ತೆ ಕುಸಿದಳು. ಅವಳ ತುಟಿ ಬಿಳಿಚಿಕೊಂಡದ್ದನ್ನು ನಾನು ಮರೆತಿಲ್ಲ.

“ಮಗೂಗೆ ಏನೂ ಆಗಿಲ್ಲ,” ಎಂದೆ. “ಪುಸ್ತಕದಲ್ಲಿರೋದು ಸುಳ್ಳು. ನಾನೇ ಬರೆದೆ.”

“ಎಲ್ಲಾನೂ?”

“ಹುಟ್ಟಿದ ದಿನದ್ದೊಂದು ಬಿಟ್ಟು.”

ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. “ಇಷ್ಟು ದಿನ ನಾನು ಖುಷಿಪಟ್ಟಿದ್ದು ಯಾವ ಮಗೂಗೆ ರೀ? ಇವಳು ಇಲ್ಲಿ ಇಳೀತಾ ಇದ್ಲು. ಇವಳಿಗೋಸ್ಕರ ನಾನು ಒಂದು ದಿನಾನೂ ಅಳಲಿಲ್ಲ.”

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಅವಳ ಗೌನಿನ ಗುಂಡಿ ಬಿಚ್ಚಿ, ವೈರುಗಳ ಸಮೇತ ಮಗುವನ್ನು ಎದೆಯ ಮೇಲೆ ಮಲಗಿಸಿ, ಮೇಲೆ ಹೊದಿಕೆ ಹೊದಿಸಿದರು. “ಅಳ್ಬೇಕು ಅನ್ನಿಸಿದ್ರೆ ಈಗ ಅತ್ತುಬಿಡಿ ಅಮ್ಮ. ಮಗು ಏನೂ ಅಂದ್ಕೊಳ್ಳಲ್ಲ. ಆದ್ರೆ ಒಂದು ಕೇಳಿ: ನಿನ್ನೆ ಸಾವಿರದ ಐವತ್ತೈದಿತ್ತು. ಇಳಿಯೋದು ನಿಂತಿದೆ. ಇವತ್ತೇ ಮೊದಲನೇ ಸಲ ಏರಿರೋದು.”

ನಾವು ಕುಣಿಯಬೇಕಿದ್ದ ಗಳಿಗೆ ಅದು. ಮಗಳ ಟೋಪಿ ಜಾರದಂತೆ ನಾನು ಬೆರಳು ಇಟ್ಟೆ. ಅವಳು ಬೇಡವೆನ್ನಲಿಲ್ಲ, ನನ್ನತ್ತ ನೋಡಲೂ ಇಲ್ಲ. ಮಗುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: “ಪುಸ್ತಕ ತೆಗೀರಿ. ತೂಕ ನಾನು ಓದ್ತೀನಿ. ನೀವು ಬರೆದ್ರೆ ಸಾಕು.”

ಮಗಳನ್ನು ಮನೆಗೆ ಕರೆತರುವವರೆಗೂ ಹಾಗೇ ನಡೆಯಿತು. ಈಗ ಆ ಮಗಳು ಶಾಲೆಗೆ ಹೋಗುತ್ತಾಳೆ. ನನ್ನವಳು ನಗುತ್ತಾಳೆ, ಕಾಡಿಸುತ್ತಾಳೆ, ನಿದ್ದೆಯಲ್ಲಿ ನನ್ನ ತೋಳು ಹುಡುಕುತ್ತಾಳೆ. ‘ತಕ್ಕಡಿ ಸಾಹೇಬ್ರೇ’ ಎಂದು ಮಾತ್ರ ಆ ಲಿಫ್ಟಿನ ನಂತರ ಒಮ್ಮೆಯೂ ಕರೆದಿಲ್ಲ. ಯಾಕೆಂದು ಕೇಳುವ ಧೈರ್ಯ ನನಗಿಲ್ಲ.

ನೀಲಿ ಪುಸ್ತಕ ಬೀರುವಿನಲ್ಲಿದೆ. ಮೆಟ್ಟಿಲ ಮೇಲೆ ಬರೆದ ಸಾಲುಗಳನ್ನು ಅವಳು ಹೊಡೆದುಹಾಕಿಲ್ಲ. ಅವುಗಳ ಕೆಳಗೆ, ಅವಳು ಹೇಳಿ ನಾನು ಬರೆದ ಮೊದಲ ಸಾಲು: ತೂಕ ೧,೦೬೦. ಏರಿಕೆ, ೫ ಗ್ರಾಂ.