ನಲವತ್ತನೇ ನಿಮಿಷದ ನಂತರ

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಹಾಳೆ ಬಡಿದಿಟ್ಟಳು. ಎರಡು ದಿನದ ಹಿಂದೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಅವಳ ತಮ್ಮ, ಅಲ್ಲಿಯ ಆಪರೇಟರ್, ಸತ್ತಿದ್ದ. ಹಾಳೆ, ಒಂಬತ್ತನೇ ತಾರೀಕಿನ ಒತ್ತಡ ಪರೀಕ್ಷೆಯ ವರದಿ. ಕೆಳಗೊಂದು ಗ್ರಾಫ್.

"ಇದನ್ನ ನಂಬಿ ನನ್ನ ತಮ್ಮ ಒಳಗೆ ಹೋದ, ಮೇಡಂ. ಎಲ್ಲ ಸರಿ ಇದೆ ಅಂತ ಬರೆದಿದಾರೆ. ಸರಿ ಇದ್ದಿದ್ರೆ ಅವನ ಮುಖ ನನಗ್ಯಾಕೆ ತೋರಿಸಲಿಲ್ಲ?"

ಇನ್‌ಸ್ಪೆಕ್ಟರ್ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಪಂಚನಾಮೆ. ಗೋಡೆಯ ಇಟ್ಟಿಗೆಗಳು ಇನ್ನೂ ಅಂಗಳದಲ್ಲೇ ಬಿದ್ದಿದ್ದವು. ಪರೀಕ್ಷೆ ಮಾಡಿದ್ದ ಎಂಜಿನಿಯರ್ ತನ್ನ ಕೋಣೆಯಲ್ಲಿ ಸಿಕ್ಕ.

"ಪರೀಕ್ಷೆ ಎಷ್ಟು ಹೊತ್ತು ನಡೀತು?"

"ಒಂದು ಗಂಟೆ."

"ಗ್ರಾಫ್ ನಲವತ್ತು ನಿಮಿಷಕ್ಕೇ ಮುಗಿದಿದೆ."

"ಪ್ರಿಂಟರ್ ಕಿತಾಪತಿ ಮೇಡಂ. ಅಂಚು ಕತ್ತರಿಸಿಹೋಗಿದೆ."

"ಅಂಚು ಹೋದಮೇಲೆ ಚೌಕಟ್ಟಿನ ಬಲಗೆರೆ ಹೇಗೆ ಉಳೀತು?"

ಆತ ಕನ್ನಡಕ ತೆಗೆದು ಒರೆಸತೊಡಗಿದ.

"ನಮ್ಮ ಕಿವಿಗೆ ಹೂವಿಡ್ತಿದಾನೆ," ಎಂದ ಹೆಡ್ ಕಾನ್‌ಸ್ಟೆಬಲ್, ಕಂಪ್ಯೂಟರಿಗೆ ಸೀಲು ಹಾಕುತ್ತಾ.

ಹದಿನೈದರಂದು ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞೆ ಆ ಕಂಪ್ಯೂಟರಿನಲ್ಲಿದ್ದ ವರದಿಯ ಪಿಡಿಎಫ್ ತೆರೆದಳು. "ಇವರು ಗ್ರಾಫನ್ನ ಫೋಟೊ ಥರ ತೆಗೆದಿಲ್ಲ, ಗೆರೆಗಳಾಗೇ ಫೈಲಿಗೆ ಹಾಕಿದಾರೆ. ಚೌಕಟ್ಟಿನಾಚೆ ಇರೋದು ಪ್ರಿಂಟ್‌ನಲ್ಲಿ ಕಾಣಲ್ಲ, ಅಷ್ಟೆ. ಫೈಲಲ್ಲಿ ಇದ್ದೇ ಇರುತ್ತೆ."

ಅವಳು ಚೌಕಟ್ಟನ್ನು ಅಳಿಸಿದಳು. ನಲವತ್ತರಾಚೆ ಗೆರೆ ನೆಟ್ಟಗೆ ಮೇಲೇರಿತು, ಸುರಕ್ಷಿತ ಮಿತಿಯನ್ನು ದಾಟಿ ಇನ್ನೂ ಮೇಲಕ್ಕೆ. ಫೈಲ್ ತಯಾರಾದದ್ದು ಒಂಬತ್ತರಂದು ಮಧ್ಯಾಹ್ನ ಮೂರು ಹತ್ತಕ್ಕೆ, ಎಂಜಿನಿಯರ್‌ನ ಲಾಗಿನ್‌ನಿಂದ. ಸಿಡಿಯುವುದಕ್ಕೆ ಮೂರು ದಿನ ಮೊದಲೇ ಅವನಿಗೆ ಗೊತ್ತಿತ್ತು.

ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿದುಹೋಯಿತು. ಹದಿನಾರರ ಬೆಳಿಗ್ಗೆ ಒಂಬತ್ತಕ್ಕೆ ಅವನ ಮನೆ ಬಾಗಿಲಲ್ಲೇ ಬಂಧಿಸಿದರು.

"ಯಾರು ಹೇಳಿಕೊಟ್ರು? ಏನು ಕೊಟ್ರು?"

"ಯಾರೂ ಇಲ್ಲ, ಏನೂ ಇಲ್ಲ. ಹಿಂದೆ ಎರಡು ಸಲ ಬಾಯ್ಲರ್ ನಿಲ್ಲಿಸಿ ಅಂದಿದ್ದೆ. ಬಿಚ್ಚಿ ನೋಡಿದಾಗ ಏನೂ ಸಿಗಲಿಲ್ಲ. ಮೀಟಿಂಗ್‌ನಲ್ಲಿ ಎಲ್ಲರೂ ನಕ್ಕರು. ಪುಕ್ಕಲು ಎಂಜಿನಿಯರ್ ಅಂತ ಹೆಸರಿಟ್ಟರು. ಮೂರನೇ ಸಲ... ಮೀಟರೇ ಕೆಟ್ಟಿರಬೇಕು ಅಂದ್ಕೊಂಡೆ."

"ನಗ್ತಾರೆ ಅಂತ ಒಂದು ಜೀವ ತೆಗೆದ್ಯೇನೋ?" ಇನ್‌ಸ್ಪೆಕ್ಟರ್ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಸಂಜೆ ಸತ್ತವನ ಅಕ್ಕ ಠಾಣೆಗೆ ಬಂದು ಕಾರಣ ಕೇಳಿದಳು. ಇನ್‌ಸ್ಪೆಕ್ಟರ್ ಮುಚ್ಚಿಡದೆ ಹೇಳಿದರು.

"ನನ್ನ ತಮ್ಮನಿಗೆ ಒಂದು ಮಾತು ಹೇಳಬಹುದಿತ್ತಲ್ಲ, ಮೇಡಂ," ಎಂದಳು ಅವಳು. "ಅವನು ನಗ್ತಿರಲಿಲ್ಲ."