ಕೊಡದ ಗಂಟೆ

ಆಂಡೀಸ್ ಬೆಟ್ಟದ ಮೇಲಿನ ಕಲ್ಲುಗುಡಿಸಿಲಲ್ಲಿ ಹನ್ನೊಂದು ಜನ ಸೈನಿಕರು ಕಾಯಿಲೆ ಬಿದ್ದಿದ್ದಾರೆ, ಅವರ ಬಳಿ ಮೂರ್ನಾಲ್ಕು ದಿನದ ಊಟವಷ್ಟೇ ಉಳಿದಿದೆ. ಈ ಸುದ್ದಿಯನ್ನು ಮೆಲ್ಚೋರ್ ಎಂಬ ಸಿಪಾಯಿ ಬೆಟ್ಟದಡಿಯ ಉಸ್ಪಯಾತಕ್ಕೆ ತಂದಾಗ ಊರಲ್ಲಿ ಹೇಸರಗತ್ತೆಗಳಿದ್ದದ್ದು ನಿಕನೋರನ ಕೊಟ್ಟಿಗೆಯಲ್ಲಿ ಮಾತ್ರ. ಸ್ಪೇನಿನ ರಾಜನ ದಂಡನ್ನು ಚಿಲಿಯಿಂದ ಓಡಿಸಲು ಹೊರಟ ಜನರಲ್, ಉಳಿದವನ್ನೆಲ್ಲ ಬೆಟ್ಟ ಹತ್ತಿಸಿಕೊಂಡು ಹೋಗಿದ್ದರು. ನಿಕನೋರನ ಎಂಟನ್ನು ಮಾತ್ರ ಮುದಿಯೆಂದು ಬಿಟ್ಟಿದ್ದರು.

ಆ ಹನ್ನೊಂದು ಜನರಲ್ಲಿ ಅದೇ ಊರಿನ ಪೆಟ್ರೋನಾಳ ತಮ್ಮ ಸಿರಿಯಾಕೋ ಒಬ್ಬ. ತಾಯಿ ಸತ್ತ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಆದರೂ ನಿಕನೋರನ ಬಾಗಿಲು ತಟ್ಟಲು ಅವಳಿಗೆ ಮುಖವಿರಲಿಲ್ಲ. ಹೋದ ವರ್ಷ ಫಿರಂಗಿ ಎರೆಯಲು ಕಂಚು ಬೇಕಾದಾಗ ಮನೆಮನೆ ತಿರುಗಿ ಗಂಟೆಗಳನ್ನು ಕೂಡಿಸಿದವಳು ಅವಳು. ಇಗರ್ಜಿಯ ಗಂಟೆ ಹೋಯಿತು, ಹಸುಗಳ ಕೊರಳಿನವೂ ಹೋದವು. ನಿಕನೋರ ಜೀನಿನ ಬೆಳ್ಳಿಯ ರಿಕಾಪು ಕೊಟ್ಟ, ಎರಡು ಕಂಬಳಿ ಕೊಟ್ಟ. ತನ್ನ ಬಿಳಿ ಕುದುರೆಯ ಗಂಟೆ ಮಾತ್ರ ಕೊಡಲಿಲ್ಲ. "ದೇಶಕ್ಕಿಂತ ಕುದುರೆ ಹೆಚ್ಚಾಯ್ತಾ ನಿಂಗೆ?" ಎಂದು ಪೆಟ್ರೋನಾ ಊರ ಚೌಕದಲ್ಲೇ ಅವನ ಮಾನ ಕಳೆದಿದ್ದಳು. ಅಂದಿನಿಂದ ಮಾತು ನಿಂತಿತ್ತು. ಈಗ ವಿಧಿಯಿಲ್ಲದೆ ಹೋಗಿ ಬಾಗಿಲು ತಟ್ಟಿದಳು.

"ನಿಕನೋರಣ್ಣಾ..."

"ಗಂಟೆ ಕೇಳೋಕ್ ಬಂದ್ಯಾ?"

"ನನ್ ತಮ್ಮ ಮೇಲ್ ಸಿಕ್ಕಾಕೊಂಡಿದಾನೆ."

ಮುದುಕ ಪೂರ್ತಿ ಕೇಳಲೂ ಇಲ್ಲ, ಎದ್ದು ಜೀನು ಎತ್ತಿಕೊಂಡ. "ಈರುಳ್ಳಿ ಬೆಳ್ಳುಳ್ಳಿ ಜಾಸ್ತಿ ಕಟ್ಕೋ. ಮೇಲೆ ಉಸಿರು ಕಟ್ಟಿದ್ರೆ ಅದೇ ಔಷಧಿ. ನಿನ್ ಬೈಗುಳ ಮಾತ್ರ ಇಲ್ಲೇ ಬಿಟ್ ಬಾ, ಭಾರ ಆಗತ್ತೆ."

ಮರುದಿನ ಬೆಳಿಗ್ಗೆ ಮೂವರೂ ಹೊರಟರು: ನಿಕನೋರ, ಪೆಟ್ರೋನಾ, ದಾರಿ ತೋರಿಸಲು ಮೆಲ್ಚೋರ್.

ಕೆಂಪು ಬಂಡೆಗಳ ನಡುವೆ ಹೊಳೆ ಕೆಸರು ಬಣ್ಣದಲ್ಲಿ ಧುಮುಕುತ್ತಿತ್ತು. ಮೊದಲ ದಿನ ಮುಳ್ಳುಪೊದೆಗಳಿದ್ದವು, ಎರಡನೆಯ ದಿನಕ್ಕೆ ಅವೂ ಮುಗಿದು ಬರೀ ಕಲ್ಲು, ಆಕಾಶ, ಎತ್ತರದಲ್ಲಿ ಸುತ್ತುವ ರಣಹದ್ದು. ಸೈನ್ಯ ಹೋದ ದಾರಿ ಹುಡುಕಬೇಕಾಗಿರಲಿಲ್ಲ. ಮುರಿದ ಲಾಳಗಳು, ಬೆಳ್ಳುಳ್ಳಿ ಸಿಪ್ಪೆ, ಸತ್ತ ಪ್ರಾಣಿಗಳು ಉದ್ದಕ್ಕೂ ಬಿದ್ದಿದ್ದವು. ಎಲ್ಲಕ್ಕಿಂತ ಮುಂದೆ ತೋರ್ಕಾಸಾ ಎಂಬ ಬಿಳಿ ಹೆಣ್ಣುಕುದುರೆ, ಕೊರಳಲ್ಲಿ ಆ ಗಂಟೆ. ಹಿಂದೆ ಎಂಟು ಹೇಸರಗತ್ತೆಗಳು, ಹಗ್ಗವಿಲ್ಲದೆ ಸಾಲಾಗಿ.

"ಆ ಸದ್ದು ನಿಲ್ಸೋಕಾಗಲ್ವಾ? ತಲೆ ಸಿಡೀತಿದೆ," ಎಂದಳು ಪೆಟ್ರೋನಾ.

"ಅದು ನಿಂತ್ರೆ ಇವೂ ನಿಲ್ತವೆ ಕಣಮ್ಮ."

ಅದು ಗಂಟೆ ಕೊಡದ್ದಕ್ಕೆ ಹುಡುಕಿಕೊಂಡ ನೆಪವೆಂದೇ ಅವಳು ಆಗಲೂ ತಿಳಿದಳು.

ಮೂರನೆಯ ಮಧ್ಯಾಹ್ನ ಗಾಳಿ ತಿರುಗಿತು.

ಬೇಸಿಗೆಯಲ್ಲೂ ಅಲ್ಲಿ ಹಿಮ ಬೀಳುತ್ತದೆ. ನೋಡನೋಡುತ್ತಲೇ ದಾರಿ ಅಳಿಸಿಹೋಯಿತು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ.

ತೋರ್ಕಾಸಾ ನಿಂತಳು. ಮುಂಗಾಲು ಮಡಿಸಿದಳು. ಒಮ್ಮೆ ಉದ್ದಕ್ಕೆ ಉಸಿರೆಳೆದು ಪಕ್ಕಕ್ಕೆ ಒರಗಿದಳು.

ಗಂಟೆ ಸುಮ್ಮನಾಯಿತು. ಎಂಟು ಹೇಸರಗತ್ತೆಗಳೂ ನಿಂತಲ್ಲೇ ನಿಂತವು. ಮೆಲ್ಚೋರ್ ಮೊದಲನೆಯದನ್ನು ಎಳೆದ, ಹೊಡೆದ, ಬೇಡಿಕೊಂಡ. ಅದು ಕದಲಲಿಲ್ಲ. ಕೊನೆಯದು ಬಂದ ದಾರಿಗೆ ಮುಖ ತಿರುಗಿಸಿತು.

"ಹೋಗ್ಬಿಡ್ತವೆ! ಕಂಬಳಿ, ಊಟ ಎಲ್ಲಾ ಹೋಗತ್ತೆ!" ಎಂದು ಮೆಲ್ಚೋರ್ ಕೂಗಿದ.

ನಿಕನೋರನಿಗೆ ಕೇಳಿಸಿದಂತಿರಲಿಲ್ಲ. ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹದಿನೆಂಟು ವರ್ಷ ಜೊತೆಗೆ ನಡೆದವಳು.

ಪೆಟ್ರೋನಾ ಅವನ ಪಕ್ಕ ಮಂಡಿಯೂರಿದಳು. "ಅಣ್ಣಾ, ಬಿಚ್ಚಲಾ?"

ಅವನು ಆಗಲೆಂದು ತಲೆಯಾಡಿಸಿದ. ಅವಳು ಪಟ್ಟಿ ಬಿಚ್ಚಿ ಗಂಟೆಯನ್ನು ತನ್ನ ಕೊರಳಿಗೆ ಕಟ್ಟಿಕೊಂಡು ದಾಪುಗಾಲು ಹಾಕಿದಳು. ಗಂಟೆ ಢಣಢಣ ಬಡಿದುಕೊಂಡಿತು. ಒಂದು ಹೇಸರಗತ್ತೆಯೂ ಬರಲಿಲ್ಲ.

"ಓಡ್ಬೇಡ," ಎಂದ ನಿಕನೋರ ಕೂತಲ್ಲಿಂದಲೇ. "ಅವಳು ಯಾವತ್ತೂ ಓಡಿದೋಳಲ್ಲ. ನಿಧಾನಕ್ಕೆ ನಡಿ. ನಾಲ್ಕು ಹೆಜ್ಜೆಗೊಂದ್ಸಲ ತಲೆ ಕೊಡವು."

ಅವಳು ನಡೆದಳು. ನಾಲ್ಕು ಹೆಜ್ಜೆ, ಒಮ್ಮೆ ತಲೆ ಕೊಡವಿದಳು. ಮತ್ತೆ ನಾಲ್ಕು. ಹಿಂದೆ ಹಿಮದಲ್ಲಿ ಒಂದು ಗೊರಸು ಕರಕ್ಕೆಂದಿತು, ಆಮೇಲೆ ಇನ್ನೊಂದು. ನಿಕನೋರ ತನ್ನ ಕಂಬಳಿಯನ್ನು ಕುದುರೆಗೆ ಹೊದಿಸಿ ಎದ್ದು ಬಂದ.

ಎಷ್ಟು ಹೊತ್ತು ನಡೆದರೋ. ಗುಡಿಸಿಲು ಎಲ್ಲಿದೆಯೆಂದು ಮೆಲ್ಚೋರನಿಗೂ ತಿಳಿಯದಾಗಿತ್ತು. ಅಷ್ಟರಲ್ಲಿ ಎಡಗಡೆಯಿಂದ ಯಾರೋ ಕೂಗಿದರು: "ಗಂಟೆ! ಇಲ್ಲಿ! ಇಲ್ಲಿದೀವಿ!"

ಹತ್ತು ಜನ ಬದುಕಿದ್ದರು. ಹನ್ನೊಂದನೆಯವನನ್ನು ಹಿಂದಿನ ದಿನ ಕಲ್ಲುಗಳಡಿ ಮಲಗಿಸಿದ್ದರು. ಪೆಟ್ರೋನಾ ಒಂದೊಂದೇ ಮುಖ ಹಿಡಿದು ನೋಡುತ್ತ ಮೂಲೆಯವರೆಗೆ ಹೋದಳು.

"ಅಕ್ಕಾ," ಎಂದಿತು ಮೂಲೆ. "ಕುದುರೆ ಬಂತು ಅನ್ಕೊಂಡೆ."

"ಬಂದಿದ್ದು ಕತ್ತೆ ಕಣೋ. ಮಾತಾಡ್ಬೇಡ, ಬೆಳ್ಳುಳ್ಳಿ ಅಗಿ." ಅವನ ತಲೆಯನ್ನು ಎದೆಗೊತ್ತಿಕೊಂಡು ಅವಳು ಬಿಕ್ಕಿಬಿಕ್ಕಿ ಅತ್ತಳು. ಇಬ್ಬರ ನಡುವೆ ಗಂಟೆ ಸಿಕ್ಕಿ ಸಣ್ಣಗೆ ಸದ್ದು ಮಾಡುತ್ತಿತ್ತು.

ಇಳಿಯಲು ಐದು ದಿನ ಹಿಡಿಯಿತು. ಎಂಟು ಜನ ಹೇಸರಗತ್ತೆಗಳ ಮೇಲೆ, ಇಬ್ಬರು ಸರದಿಯಲ್ಲಿ ಕಾಲ್ನಡಿಗೆ. ತೋರ್ಕಾಸಾ ಮಲಗಿದ್ದಲ್ಲಿ ಎಲ್ಲರೂ ಟೋಪಿ ತೆಗೆದರು. ಊರಿನವರೆಗೂ ಪೆಟ್ರೋನಾಳೇ ಮುಂದೆ ನಡೆದಳು, ಕೊರಳು ತರಚಿ ರಕ್ತ ಬಂದರೂ ಗಂಟೆ ಬಿಚ್ಚಲಿಲ್ಲ.

ಎರಡು ವಾರದ ಮೇಲೆ, ಬೆಟ್ಟದಾಚೆ ಗೆದ್ದೆವೆಂಬ ಸುದ್ದಿ ಬಂತು. ಜನ ಚೌಕಕ್ಕೆ ಓಡಿದರು. ಪಾದ್ರಿಗಳು ಇಗರ್ಜಿಯ ಗೋಪುರ ಹತ್ತಿದವರು ಹಾಗೇ ಇಳಿದು ಬಂದರು. ಮೇಲೆ ಬರೀ ಹಗ್ಗ ತೂಗುತ್ತಿತ್ತು.

ಪೆಟ್ರೋನಾ ನಿಕನೋರನ ಮನೆಗೆ ಹೋದಳು. ಅವನಾಗಲೇ ಗಂಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅವತ್ತು ಚೌಕದಲ್ಲಿ ಅಂದಿದ್ದು ತಪ್ಪಾಯ್ತು, ಅಣ್ಣಾ."

"ತಗೋ. ಗಟ್ಟಿಯಾಗಿ ಬಾರ್ಸು, ಬೆಟ್ಟದ ಮೇಲಿರೋಳಿಗೂ ಕೇಳ್ಲಿ."

ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಅವಳು ಬಾರಿಸಿದಳು. ಅಷ್ಟು ದೊಡ್ಡ ಗೆಲುವಿಗೆ ಅದು ಸಣ್ಣ ಸದ್ದೇ. ಆದರೆ ಸ್ವಲ್ಪ ಹೊತ್ತಿಗೆ ಜನ ನಗುತ್ತ ದಾರಿ ಬಿಟ್ಟರು. ಬೇಲಿ ಹಾರಿ ಬಂದ ಎಂಟು ಮುದಿ ಹೇಸರಗತ್ತೆಗಳು ಚೌಕ ದಾಟಿ, ಪೆಟ್ರೋನಾಳ ಮುಂದೆ ಸಾಲಾಗಿ ನಿಂತು ಕಿವಿ ನಿಮಿರಿಸಿದವು.

"ಈಗ ಎಲ್ಲಿಗೆ ಅಂತ ಕೇಳ್ತಿದಾವೆ," ಎಂದ ನಿಕನೋರ, ಕಣ್ಣು ಒರೆಸಿಕೊಳ್ಳುತ್ತ.