ಗೋಡೆಗೆ ಮುಖ ಮಾಡಿದ ಚಂದ್ರಿಕೆ

“ಗೋಡೆ ಕಡೆ ಮುಖ ಮಾಡಿರೋ ಆ ಚಂದ್ರಿಕೆ ಒಂದನ್ನ ಮಾತ್ರ ತಿರುಗಿಸಬೇಡಿ ಸಾರ್,” ಎಂದ ಮುನಿಗಂಗಪ್ಪ.

“ಯಾಕೆ, ಕಚ್ಚುತ್ತಾ?” ಎಂದು ಹರಿಕೃಷ್ಣ ನಕ್ಕ.

ಮುನಿಗಂಗಪ್ಪ ನಗಲಿಲ್ಲ. ಶಿಡ್ಲಘಟ್ಟದ ಅಂಚಿನ ಆ ಹಳೆಯ ಹುಳುಮನೆ ಈಗ ರೇಷ್ಮೆ ಕಸುಬಿನ ಮ್ಯೂಸಿಯಂ. ಬೀಗದ ಕೈ ಆ ಮುದುಕನದು. ಹರಿಕೃಷ್ಣ ಹಾಸನದ ಕಡೆಯವನು, ಚಿಕ್ಕಬಳ್ಳಾಪುರದ ಕಾಲೇಜೊಂದಕ್ಕೆ ಭೌತಶಾಸ್ತ್ರದ ಮೇಷ್ಟ್ರಾಗಿ ಬಂದು ವರ್ಷವಾಗಿರಲಿಲ್ಲ. ಹೆಂಡತಿ ಶೋಭಾರಾಣಿ ಇದೇ ಊರಿನಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿದವಳು. ದಸರಾ ರಜೆಯಲ್ಲಿ ಎಂಟು ವರ್ಷದ ಮಗಳು ಯಾಮಿನಿಗೆ ಅಮ್ಮನ ಊರು ತೋರಿಸಲು ಬಂದಿದ್ದರು.

ಮೇದು ಹಣ್ಣಾದ ರೇಷ್ಮೆಹುಳು ಹತ್ತಿ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ಆಳೆತ್ತರದ ತಟ್ಟಿಯೇ ಚಂದ್ರಿಕೆ. ಅಂಥವು ಅಲ್ಲಿ ಹತ್ತು ಇದ್ದವು. ಒಂದು ಮಾತ್ರ ಬೆನ್ನು ತೋರಿಸಿ ನಿಂತಿತ್ತು.

“ನಮ್ಮಜ್ಜಿ ಅಮ್ಮಾಜಮ್ಮಂದು ಅದು. ಮೂರು ಬೆಳೆ ಕೈಗೆ ಬರ್ಲಿಲ್ಲ. ಹುಳ ಹತ್ತೋದು, ಗೂಡು ಕಟ್ಟದೆ ಸಾಯೋದು. ಅಜ್ಜಿ ಯಾರನ್ನೋ ಕರೆಸಿ ಮಾಟ ಮಾಡಿಸಿದ್ಲು. ಇದರ ಮೇಲೆ ಹತ್ತಿದ್ದು ಯಾವುದೂ ಗೂಡು ಕಟ್ಟದೆ ಇಳೀಬಾರ್ದು ಅಂತ. ಬೆಳೆ ಬಂತು. ಆಮೇಲೆ ನಮ್ಮ ಚಿಕ್ಕಪ್ಪ, ಮೂರು ವರ್ಷದ ಕೂಸು, ಆಡ್ತಾ ಹತ್ತಿದ.”

“ಹತ್ತಿ?”

“ಇಳೀಲಿಲ್ಲ.”

“ಹಂಗಾದ್ರೆ ಸುಟ್ಟು ಹಾಕೋದಲ್ವೇನಪ್ಪ.”

“ಕೂಸು ಅದರಲ್ಲೇ ಇದೆಯಲ್ಲ ಸಾರ್.”

ಶೋಭಾರಾಣಿ ನೀರು ಕೇಳಿದಳು. ಮುನಿಗಂಗಪ್ಪ ಅವಳನ್ನು ಹೊರಗಿನ ತೊಟ್ಟಿಯ ಕಡೆ ಕರೆದುಕೊಂಡು ಹೋದ. ಹರಿಕೃಷ್ಣ ಚಂದ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ಬೂದಿಯಂಥ ಧೂಳು ಉದುರಿತು.

“ಅಪ್ಪಾ, ತಾತ ಬೇಡ ಅಂದ್ರಲ್ಲ.”

“ನೀನೂ ಅವರ ಪಾರ್ಟೀನಾ? ಅದರ ಮೇಲೆ ಹತ್ತಿ, ಹುಳದ ಥರ ಅಂಟ್ಕೊ. ಒಂದೇ ಫೋಟೋ.”

ಯಾಮಿನಿ ಕೆಳಗಿನ ಬಿದಿರಿನ ಮೇಲೆ ಕಾಲಿಟ್ಟು ಬೆನ್ನು ಆನಿಸಿದಳು. ಒಂದು ಫೋಟೋ ತೆಗೆದ. ಇನ್ನೊಂದು.

“ಸಾಕು, ಇಳಿ.”

ಅವಳು ಇಳಿಯಲಿಲ್ಲ.

ಎಲ್ಲೋ ತುಂತುರು ಮಳೆ ಬಿದ್ದಂತೆ ಸದ್ದು. ಕಿಟಕಿಯಾಚೆ ಬಿಸಿಲು ಹೊಡೆಯುತ್ತಿತ್ತು. ಸದ್ದು ಕೋಣೆಯೊಳಗಿನದು. ಸಾವಿರ ಬಾಯಿಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು. ಸೊಪ್ಪೂ ಇಲ್ಲ, ಹುಳುವೂ ಇಲ್ಲ. ಬೇಯಿಸಿದ ಹುಳುವಿನ ಕೊಳೆತ ವಾಸನೆ ಮೂಗಿಗೆ ಅಡರಿತು. ಯಾಮಿನಿಯ ತಲೆ ಗೂಡು ಕಟ್ಟುವ ಹುಳುವಿನದರಂತೆ ಮೇಲಕ್ಕೆದ್ದಿತು. ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ತುಟಿಯ ಸಂದಿನಿಂದ ಏನೋ ಮಿನುಗಿತು. ಕೂದಲಿಗಿಂತ ಸಣ್ಣ ಎಳೆ. ಅದು ಬಿದಿರಿಗೆ ಅಂಟಿತು. ಭುಜಕ್ಕೆ ಅಂಟಿತು. ಕೆನ್ನೆ ಮುಚ್ಚತೊಡಗಿತು.

ಅವನು ಮಗಳನ್ನು ಹಿಡಿದು ಜಗ್ಗಿದ. ಬರಲಿಲ್ಲ. ಎಳೆಯನ್ನು ಕಿತ್ತ. ತುಂಡಾಯಿತು. ಯಾಮಿನಿಯ ಉಸಿರು ನಿಂತಿತು. ತುಟಿ ನೀಲಿಯಾಯಿತು. ತಲೆ ಮಾತ್ರ ಇನ್ನೂ ಜೋರಾಗಿ ಆಡಿತು.

“ಕೀಳಬೇಡಿ ಸಾರ್, ಎಳೆ ಒಳಗೇ ಗಂಟಾಗುತ್ತೆ,” ಬಾಗಿಲಿಂದ ಮುನಿಗಂಗಪ್ಪ ಕೂಗಿದ.

ಅವನ ಹಿಂದೆಯೇ ಬಂದ ಶೋಭಾರಾಣಿ ಗಂಡನನ್ನು ಪಕ್ಕಕ್ಕೆ ತಳ್ಳಿದಳು. ಬೆರಳು ಒದ್ದೆ ಮಾಡಿಕೊಂಡು ಮಗಳ ತುಟಿಯ ಮೇಲೆ ಆಡಿಸಿದಳು. ಕುದಿಯುವ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಿ ಬೆಳೆದ ಬೆರಳು. ತುಂಡಾದ ತುದಿ ಸಿಕ್ಕಿತು.

“ಕೈ ಚಾಚಿ.”

ಗಂಡನ ಮೊಳಕೈಗೂ ಅಂಗೈಗೂ ಎಳೆ ಸುತ್ತತೊಡಗಿದಳು. ನಿಧಾನ. ಒಂದೇ ಸಮ. ನೂರು ಸುತ್ತು. ಇನ್ನೂರು. ಉಸಿರು ಬಂತು. ತುಟಿ ಕೆಂಪಾಯಿತು. ತಲೆ ಆಡುವುದು ನಿಂತಿತು. ಯಾಮಿನಿ ಜಾರಿ ನೆಲಕ್ಕೆ ಕೂತಳು. ಮೇಯುವ ಸದ್ದು ಅಡಗಿತು.

“ಎಳಿ. ಪೂರ್ತಿ ಎಳೆದುಬಿಡು ಶೋಭಾ,” ಎಂದ ಹರಿಕೃಷ್ಣ ಅಳುತ್ತ.

ಅವಳ ಕೈ ನಿಂತಿತು.

“ನೂಲು ಪೂರ್ತಿ ಬಿಚ್ಚಿದ ಮೇಲೆ ಗೂಡಲ್ಲಿ ಏನು ಉಳಿಯುತ್ತೆ ಗೊತ್ತೇನ್ರೀ ನಿಮಗೆ? ಸತ್ತ ಹುಳ. ನಮ್ಮನೇಲಿ ಬುಟ್ಟಿಗಟ್ಟಲೆ ಹೊರಗೆ ಸುರೀತಿದ್ವಿ.”

“ಹಂಗಾದ್ರೆ ಬಿಟ್ಟುಬಿಡು.”

“ಬಿಟ್ರೆ ಮತ್ತೆ ಹತ್ತುತ್ತಾಳೆ. ಬಿಗಿಯಾಗಿ ಹಿಡ್ಕೊಂಡಿರಿ, ಅಷ್ಟೇ. ಎಳೀಬೇಡಿ, ಬಿಡಬೇಡಿ.”

“ಎಷ್ಟು ಹೊತ್ತು?”

ಶೋಭಾರಾಣಿ ಮುನಿಗಂಗಪ್ಪನ ಮುಖ ನೋಡಿದಳು.

ಹರಿಕೃಷ್ಣ ಮಗಳ ಎದುರು ಕುಕ್ಕರಗಾಲಲ್ಲಿ ಕೂತ. ಅವನ ಅಂಗೈಗೂ ಅವಳ ತುಟಿಗೂ ನಡುವೆ ಒಂದು ಮೊಳದ ಎಳೆ ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಕಣ್ಣು ಬಿಟ್ಟಳು.

“ಅಪ್ಪಾ.”

ಮಾತಿನ ಜೊತೆಗೇ ಬಾಯಿಂದ ಎಳೆ ಒಂದು ಗೇಣು ಹೊರಗೆ ಬಂತು.

“ಮಾತಾಡಬೇಡಮ್ಮ,” ಎಂದ.

“ಯಾಕಪ್ಪಾ?”

ಇನ್ನೊಂದು ಗೇಣು.